ಹಳೇ ಜೀಪಿಗೆ ಯಾವ ಎಂಜಿನ್?

ಹೆಗ್ಗಡದೇವನಕೋಟೆಯಿಂದ ಅಂತರಸಂತೆ ಕಡೆಗೋ, ಪಿರಿಯಾಪಟ್ಟಣದಿಂದ ಬೈಲಕುಪ್ಪೆ ದಾಟಿ ಕೊಡಗಿನ ಕಡೆಗೋ ಹೊರಟರೆ ಹಳೇ ಜೀಪುಗಳು ಇಂದಿಗೂ ಕಣ್ಣಿಗೆ ಬೀಳುತ್ತವೆ. ಕೆಲವು ಇನ್ನೂ ದುಡಿಯುತ್ತಿವೆ, ತೋಟಕ್ಕೆ ಗೊಬ್ಬರ, ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ಹೊರುತ್ತಿವೆ. ಕೆಲವು ಕೊಟ್ಟಿಗೆಯ ಪಕ್ಕ ಟಾರ್ಪಾಲು ಹೊದ್ದು ನಿಂತಿವೆ. ಬಾಡಿ ಗಟ್ಟಿಯಿದೆ, ಛಾಸಿಸ್ ಗಟ್ಟಿಯಿದೆ, ಎಂಜಿನ್ ಮಾತ್ರ ಹೋಗಿದೆ. ಅಂಥ ಜೀಪಿನ ಸುತ್ತ ನಾಲ್ಕು ಜನ ನಿಂತರೆ ನಾಲ್ಕು ಸಲಹೆ ಹುಟ್ಟುತ್ತವೆ: ಟ್ರ್ಯಾಕ್ಟರ್ ಎಂಜಿನ್ ಹಾಕಿಸಿ, ಮ್ಯಾಟಡೋರ್ ಎಂಜಿನ್ ಸಿಗುತ್ತದೆ, ಬೊಲೆರೊ ಎಂಜಿನ್ ಕೂರಿಸಿದರೆ ಇನ್ನು ಯೋಚನೆಯಿಲ್ಲ, ಥಾರ್‌ನ ಸಿಆರ್‌ಡಿಐ ಹಾಕಿಸಿದರೆ ಹಾರುತ್ತದೆ. ಎಲ್ಲ ಸಲಹೆಗಳೂ ‘ಯಾವ ಎಂಜಿನ್ ಬಲವಾದದ್ದು’ ಎಂಬಲ್ಲಿಂದ ಶುರುವಾಗುತ್ತವೆ. ಶುರುವಾಗಬೇಕಾದದ್ದು ಎಂಜಿನ್ನಿನ ಹಿಂದೆ ಇರುವುದೆಲ್ಲ ಎಷ್ಟು ಬಲವನ್ನು ತಾಳುತ್ತದೆ ಎಂಬಲ್ಲಿಂದ. ಈ ಲೆಕ್ಕ ಮೊದಲು ಹಾಕಿದವರು ಬಹುತೇಕ ಸಂದರ್ಭಗಳಲ್ಲಿ ಹೊರಗಿನ ಎಂಜಿನ್ ತರುವುದಿಲ್ಲ. ಇದ್ದ ಎಂಜಿನ್ನನ್ನೇ ಬಿಚ್ಚಿ ಕಟ್ಟಿಸುತ್ತಾರೆ, ಇಲ್ಲವೆ ಅದೇ ಜಾತಿಯ ಇನ್ನೊಂದನ್ನು ಹುಡುಕುತ್ತಾರೆ. ಅವರು ಮಾಡುವುದೇ ಸರಿ ಎಂದು ನಾನು ನಂಬುತ್ತೇನೆ, ಅದಕ್ಕೆ ಕಾರಣಗಳಿವೆ.

ಎಂಜಿನ್ ಬದಲಿಸುವ ಈ ಹುಮ್ಮಸ್ಸಿನ ತವರು ಅಮೆರಿಕ. 1964ರಲ್ಲಿ ಪಾಂಟಿಯಾಕ್ ಕಂಪನಿ ಮಧ್ಯಮ ಗಾತ್ರದ ಕಾರೊಂದಕ್ಕೆ ದೊಡ್ಡ ಕಾರಿನ 6.4 ಲೀಟರ್ ವಿ-8 ಎಂಜಿನ್ ಕೂರಿಸಿ ಜಿಟಿಒ ಎಂದು ಮಾರಿತು. ಮಸಲ್ ಕಾರ್ ಎಂಬ ವರ್ಗವೇ ಅದರ ಬೆನ್ನಿಗೆ ಬೆಳೆಯಿತು. ನಮ್ಮಲ್ಲಿ ಅಂಥ ಕಾರು ತಯಾರಾಗಲಿಲ್ಲ. ನೋಟಕ್ಕೆ ಹತ್ತಿರ ಬಂದದ್ದು 1980ರ ದಶಕದಲ್ಲಿ ಹಿಂದುಸ್ತಾನ್ ಮೋಟಾರ್ಸ್ ತಂದ ಕಾಂಟೆಸಾ. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರಿನ ಉದ್ದ ಮೂತಿ, ಅಗಲ ಮೈ ಅದಕ್ಕಿತ್ತು. ಆದರೆ ಒಳಗೆ ಕೂತದ್ದು ಅಂಬಾಸಿಡರ್‌ನಲ್ಲಿದ್ದ 1489 ಸಿಸಿ ಎಂಜಿನ್. ಆ ಮೈಯನ್ನು ಎಳೆಯಲು ಅದು ಸಾಲಲಿಲ್ಲ. ಮುಂದೆ ಕಂಪನಿ ಜಪಾನಿನ ಇಸುಜುವಿನಿಂದ 1.8 ಲೀಟರ್ ಪೆಟ್ರೋಲ್ ಎಂಜಿನ್ ತಂದಿತು, ಕಾರಿಗೆ ಜೀವ ಬಂತು. ಆಗ ಕಂಪನಿ ಎಂಜಿನ್ನನ್ನಷ್ಟೇ ಬದಲಿಸಲಿಲ್ಲ, ಅದರ ಜೊತೆಗೆ ಐದು ಗೇರಿನ ಹೊಸ ಗೇರ್‌ಬಾಕ್ಸನ್ನೂ ತಂದಿತು. ಕಾಂಟೆಸಾದ ಹೊಸ ಪಿಕಪ್ಪನ್ನು ಹೊಗಳುವವರು ಈ ಎರಡನೆಯ ಮಾತನ್ನು ಹೇಳುವುದು ಕಡಿಮೆ. ಕಾರ್ಖಾನೆಯೇ ಎಂಜಿನ್ ಬದಲಿಸಿದಾಗ ಹಿಂದಿನದನ್ನೂ ಬದಲಿಸಬೇಕಾಯಿತೆಂದರೆ, ಮರದಡಿ ಚೈನ್ ಪುಲ್ಲಿ ಕಟ್ಟಿ ಎಂಜಿನ್ ಇಳಿಸುವವರು ಆ ಲೆಕ್ಕವನ್ನು ಬಿಟ್ಟರೆ ಹೇಗೆ?

ಇನ್ನು ಜೀಪಿಗೇ ಬರೋಣ. 1940ರ ದಶಕದ ಕೊನೆಗೆ ಬೊಂಬಾಯಿಯಲ್ಲಿ ಮಹೀಂದ್ರ ಸಂಸ್ಥೆ ವಿಲ್ಲಿಸ್ ಜೀಪುಗಳ ಬಿಡಿಭಾಗ ತರಿಸಿ ಜೋಡಿಸತೊಡಗಿತು. ಅನಂತರ ನಮ್ಮ ಹಳ್ಳಿಗಳಿಗೆ ಹೆಚ್ಚಾಗಿ ಬಂದದ್ದು ಸಿಜೆ-3ಬಿ ಎಂಬ ಮಾದರಿ. ಅದರ ಎತ್ತರದ ಬಾನೆಟ್ಟಿಗೆ ಕಾರಣವೇ ಅದರ ಎಂಜಿನ್. ಹರಿಕೇನ್ ಎಂದು ಹೆಸರಾದ ಆ 2.2 ಲೀಟರ್ ಪೆಟ್ರೋಲ್ ಎಂಜಿನ್ನಿನಲ್ಲಿ ಒಳಸೇರುವ ವಾಲ್ವುಗಳು ತಲೆಯ ಮೇಲಿವೆ, ಹೊಗೆ ಬಿಡುವ ವಾಲ್ವುಗಳು ಪಕ್ಕದ ಬ್ಲಾಕಿನಲ್ಲಿವೆ. ತಲೆ ಎತ್ತರವಾದ್ದರಿಂದ ಬಾನೆಟ್ಟೂ ಎತ್ತರವಾಯಿತು. ಪಿಸ್ಟನ್ನಿನ ಅಗಲ ಸುಮಾರು 79 ಮಿಲಿಮೀಟರ್, ಅದು ಮೇಲೆ ಕೆಳಗೆ ಓಡಾಡುವ ದೂರ 111 ಮಿಲಿಮೀಟರ್. ಹೀಗೆ ಉದ್ದನೆಯ ಸ್ಟ್ರೋಕ್ ಇರುವ ಎಂಜಿನ್ ಓಟದಲ್ಲಿ ಹಿಂದೆ, ಎಳೆತದಲ್ಲಿ ಮುಂದೆ. ಇದರ ಅಶ್ವಶಕ್ತಿ 75 ಎಂದು ಹಳೆಯ ಪುಸ್ತಕಗಳಲ್ಲಿದೆ. ಅದು ಫ್ಯಾನು, ಸೈಲೆನ್ಸರುಗಳ ಹೊರೆ ಕಳಚಿ ಅಳೆಯುತ್ತಿದ್ದ ಕಾಲದ ಅಂಕಿ, ಇವತ್ತಿನ ಅಂಕಿಗಳ ಪಕ್ಕ ಇಟ್ಟು ತೂಗುವಂತಿಲ್ಲ. ಅದಕ್ಕಿಂತ ಮುಖ್ಯವಾದದ್ದು ಟಾರ್ಕ್, ಅಂದರೆ ತಿರುಗಿಸುವ ಬಲ. ಹರಿಕೇನಿನ ಗರಿಷ್ಠ ಟಾರ್ಕ್ ಸುಮಾರು 155 ನ್ಯೂಟನ್ ಮೀಟರ್, ಅದೂ ನಿಮಿಷಕ್ಕೆ ಬರೀ 2000 ಸುತ್ತಿನಲ್ಲಿ. ಆಷಾಢದ ಕೆಸರಿನಲ್ಲಿ ಆಕ್ಸಿಲರೇಟರ್ ಒತ್ತದೆ ಮೆಲ್ಲನೆ ತೆವಳಿ ಹೊರಬರುವ ಜೀಪಿನ ಗುಣ ಇಲ್ಲಿಂದ ಬಂದದ್ದು.

ಈ 155 ಎಂಬ ಬಲ ಚಕ್ರವನ್ನು ಮುಟ್ಟುವ ಹೊತ್ತಿಗೆ ಏನಾಗುತ್ತದೆ ಎಂಬುದನ್ನು ನೋಡಬೇಕು. ಜೀಪಿನ ಮೂರು ಗೇರಿನ ಟಿ-90 ಗೇರ್‌ಬಾಕ್ಸಿನಲ್ಲಿ ಮೊದಲ ಗೇರು ಬಲವನ್ನು ಸುಮಾರು 2.8 ಪಟ್ಟು ಮಾಡುತ್ತದೆ. ಅದರ ಹಿಂದಿನ ಹೈ–ಲೋ ಪೆಟ್ಟಿಗೆ ‘ಲೋ’ದಲ್ಲಿದ್ದರೆ ಮತ್ತೆ 2.46 ಪಟ್ಟು. ಕೊನೆಗೆ ಹೌಸಿಂಗ್ ಒಳಗಿನ ಕ್ರೌನ್–ಪಿನಿಯನ್ 5.38 ಪಟ್ಟು. ಮೂರನ್ನೂ ಗುಣಿಸಿದರೆ ಸುಮಾರು 37. ಅಂದರೆ ಎಂಜಿನ್ನಿನ 155 ಚಕ್ರಗಳ ಕಡೆ 5700ಕ್ಕೂ ಮೇಲಾಗಿ ತಲುಪುತ್ತದೆ. ಆಕ್ಸಲ್ ಶಾಫ್ಟು, ಯು.ಜೆ. ಕ್ರಾಸು, ಗೇರಿನ ಹಲ್ಲು ಎಲ್ಲವೂ ಈ ಅಳತೆಗೆ ತಕ್ಕಂತೆ ತಯಾರಾದವು. ಈಗ 2010ರ ಥಾರ್‌ನಲ್ಲಿ ಬಂದ ಸಿಆರ್‌ಡಿಐ, ಅಂದರೆ ಕಾಮನ್ ರೈಲ್ ಡೀಸೆಲ್ ಎಂಜಿನ್ನನ್ನು ಇದೇ ಗೇರ್‌ಬಾಕ್ಸಿಗೆ ಅಡಾಪ್ಟರ್ ಪ್ಲೇಟ್ ಹಾಕಿ ಜೋಡಿಸಿದರೆಂದು ಇಟ್ಟುಕೊಳ್ಳಿ. ಅದರ ಟಾರ್ಕ್ 247 ನ್ಯೂಟನ್ ಮೀಟರ್. ಅದೇ 37ರಿಂದ ಗುಣಿಸಿದರೆ 9100ಕ್ಕೂ ಹೆಚ್ಚು. ಕೆಸರಿನಲ್ಲಿ ಚಕ್ರ ಜಾರಿ ಬಲವೆಲ್ಲ ಸೋರಿಹೋಗುತ್ತದಲ್ಲ, ಆಕ್ಸಲ್‌ಗೆ ಏನಾದೀತು ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆಕ್ಸಲ್ ಮುರಿಯುವುದು ಚಕ್ರ ಜಾರುವಾಗಲ್ಲ. ಗಿರ್ರನೆ ಸುತ್ತುತ್ತಿದ್ದ ಚಕ್ರಕ್ಕೆ ಕೆಸರಿನಡಿಯ ಕಲ್ಲು ಸಿಕ್ಕಿ ತಟ್ಟನೆ ಹಿಡಿತ ಬಂದಾಗ ಅದು ಮುರಿಯುತ್ತದೆ. ಟರ್ಬೊ ಇರುವ ಎಂಜಿನ್ ಕೆಳಗಿನ ಸುತ್ತಿನಲ್ಲಿ ಸುಮ್ಮನಿದ್ದು ಆಮೇಲೆ ಒಮ್ಮೆಲೇ ನುಗ್ಗುವುದರಿಂದ ಈ ಏಟು ಇನ್ನೂ ಜೋರು. ಹಾಗೆ ಆದಾಗ ಆಕ್ಸಲ್ ಬದಲಿಸುತ್ತಾರೆ, ಆಮೇಲೆ ಗೇರ್‌ಬಾಕ್ಸ್ ಬದಲಿಸುತ್ತಾರೆ, ವೇಗ ಹೆಚ್ಚಿತೆಂದು ಬ್ರೇಕಿನ ಕಡೆ ತಿರುಗುತ್ತಾರೆ. ಸಿಜೆ-3ಬಿಯ ಬ್ರೇಕು 9 ಇಂಚಿನ ಡ್ರಮ್ಮು, ಬೂಸ್ಟರ್ ಸಹಾಯವಿಲ್ಲದೆ ಬರೀ ಕಾಲಿನ ಬಲದಿಂದ ಹಿಡಿಯುವಂಥದ್ದು. ಗಂಟೆಗೆ 60 ಕಿಲೋಮೀಟರಿಗೆ ಅದು ಸಾಕು. ಮೈಸೂರು ಹೆದ್ದಾರಿಯಲ್ಲಿ 110ಕ್ಕೆ ಹೋಗುವ ಜೀಪಿಗೆ ಅದೇ ಬ್ರೇಕು ಬಿಟ್ಟರೆ ಎದುರಿನವರ ಜೀವಕ್ಕೂ ಸಂಚಕಾರ.

ಬಲ ಹೆಚ್ಚಾದರೆ ಕಷ್ಟ ಎಂಬಷ್ಟಕ್ಕೇ ಲೆಕ್ಕ ಮುಗಿಯುವುದಿಲ್ಲ, ಸುತ್ತು ಹೊಂದದಿದ್ದರೂ ಕಷ್ಟವೇ. ಟ್ರ್ಯಾಕ್ಟರ್ ಎಂಜಿನ್ ಒಳ್ಳೆಯ ಉದಾಹರಣೆ. 1960ರ ದಶಕದಿಂದ ನಮ್ಮಲ್ಲಿ ತಯಾರಾದ ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ ಜೀಪುಗಳಿಗೂ ಬಂತು. ಗಟ್ಟಿಮುಟ್ಟಾದ ಎಂಜಿನ್, ಬಿಡಿಭಾಗವೂ ಸುಲಭ, ಹಳ್ಳಿಯ ಮೆಕ್ಯಾನಿಕ್ಕುಗಳಿಗೆ ಅದರ ಒಳಗೆಲ್ಲ ಪರಿಚಯ. ಆದರೆ ಟ್ರ್ಯಾಕ್ಟರಿನಲ್ಲಿ ಅದು ನಿಮಿಷಕ್ಕೆ 2000 ಸುತ್ತಿನ ಆಸುಪಾಸಿನಲ್ಲಿ ದುಡಿಯಲು ಹುಟ್ಟಿದ್ದು. ಜೀಪಿನ ಹಳೇ 16 ಇಂಚಿನ ಟೈರು ಒಂದು ಸುತ್ತಿಗೆ ಸುಮಾರು ಎರಡೂಕಾಲು ಮೀಟರ್ ಉರುಳುತ್ತದೆ. 5.38ರ ಕ್ರೌನ್–ಪಿನಿಯನ್ ಇದ್ದು ಟಾಪ್ ಗೇರಿನಲ್ಲಿ ಎಂಜಿನ್ 4000 ಸುತ್ತು ತಿರುಗಿದರೆ ಜೀಪು ಗಂಟೆಗೆ 100 ಕಿಲೋಮೀಟರ್ ಮುಟ್ಟುತ್ತದೆ. ಅದೇ 2000 ಸುತ್ತಾದರೆ 50. ಹೆಚ್ಚು ಸುತ್ತಿಸಿ 60–65ಕ್ಕೆ ಎಳೆದರೆ ಎಂಜಿನ್ ಕಿರುಚುತ್ತದೆ, ನಡುಕಕ್ಕೆ ಮೌಂಟಿಂಗ್ ಹರಿಯುತ್ತದೆ, ರೇಡಿಯೇಟರ್ ಬೆಸುಗೆ ಬಿಡುತ್ತದೆ. ಅದರ ತೂಕಕ್ಕೆ ಮುಂದಿನ ಪಟ್ಟಾಗಳು ಕುಸಿದು ಸ್ಟೀರಿಂಗ್ ಭಾರವಾಗುತ್ತದೆ. ಕ್ರೌನ್–ಪಿನಿಯನ್ ಬದಲಿಸಿದರೆ ವೇಗ ಸರಿಹೋಗುತ್ತದೆ, ನಿಜ. ಆದರೆ ಫೋರ್ ವೀಲ್ ಜೀಪಿನಲ್ಲಿ ಹಿಂದಿನದನ್ನು ಬದಲಿಸಿ ಮುಂದಿನದನ್ನು ಹಾಗೇ ಬಿಡುವಂತಿಲ್ಲ, ಎರಡರ ಅನುಪಾತವೂ ಒಂದೇ ಇರಬೇಕು. ಇಲ್ಲದಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಮುಂದಿನ ಚಕ್ರ ಒಂದು ವೇಗಕ್ಕೆ, ಹಿಂದಿನದು ಇನ್ನೊಂದು ವೇಗಕ್ಕೆ ಜಗ್ಗಿ ಹೈ–ಲೋ ಪೆಟ್ಟಿಗೆ ಹಾಳಾಗುತ್ತದೆ. ಒಂದೇ ನೊಗಕ್ಕೆ ಬೇರೆ ಬೇರೆ ನಡಿಗೆಯ ಎರಡು ಎತ್ತು ಹೂಡಿದ ಹಾಗೆ.

ಮಹೀಂದ್ರದವರು ಡೀಸೆಲ್ ಜೀಪಿಗಾಗಿ ಮುಂದೆ ಏನು ಮಾಡಿದರು ಎಂಬುದರಲ್ಲಿ ಕಲಿಯುವುದು ಬಹಳಿದೆ. 1979ರಲ್ಲಿ ಅವರು ಫ್ರಾನ್ಸಿನ ಪ್ಯೂಜೊ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು 2112 ಸಿಸಿಯ ಎಕ್ಸ್‌ಡಿಪಿ 4.90 ಎಂಜಿನ್ ತಂದರು. ಎಂಎಂ-540 ಜೀಪಿನ ಹೆಸರು ಕೇಳಿದವರಿಗೆಲ್ಲ ಈ ಎಂಜಿನ್ನಿನ ದನಿ ಗೊತ್ತು. ಅದು 4500 ಸುತ್ತಿನಲ್ಲಿ ಕೊಡುತ್ತಿದ್ದದ್ದು 62 ಅಶ್ವಶಕ್ತಿ. ಕಾಗದದ ಮೇಲೆ ಹರಿಕೇನ್‌ಗಿಂತ ಕಡಿಮೆಯೇ. ಹಾಗಿದ್ದೂ ಅದನ್ನೇಕೆ ಆರಿಸಿದರು? ಕಾರಿಗಾಗಿ ಹುಟ್ಟಿದ ಡೀಸೆಲ್ ಆದ್ದರಿಂದ ಅದು ಪೆಟ್ರೋಲ್ ಎಂಜಿನ್ನಿನಂತೆಯೇ 4000ದ ಮೇಲೂ ಸುತ್ತಬಲ್ಲದು. ಜೀಪಿನ ಹಳೆಯ ಗೇರ್‌ಬಾಕ್ಸ್–ಆಕ್ಸಲ್ ಸರಪಳಿಗೆ ಅದು ಹೊಂದುತ್ತಿತ್ತು. ಇದನ್ನು ಅವರ ಆಯ್ಕೆಗೆ ನಾನು ಕೊಡುವ ಅರ್ಥವೆಂದು ಬೇಕಾದರೆ ತಿಳಿಯಿರಿ, ಆದರೆ ಅಂಕಿಗಳು ಆ ಕಡೆಗೇ ಕೈ ತೋರುತ್ತವೆ. ಎಂಜಿನ್ ಬದಲಿಸಲೇಬೇಕಾದ ಜೀಪಿಗೆ ಡೀಸೆಲ್ ಬೇಕೆಂದರೆ ನನ್ನ ಮೊದಲ ಒಲವು ಇದೇ ಕುಟುಂಬದ ಕಡೆ. ತಯಾರಕರೇ ಇಂಥದೇ ಮೈಗೆ ಕೂರಿಸಿ, ವರ್ಷಗಟ್ಟಲೆ ಓಡಿಸಿ, ತಪ್ಪು ತಿದ್ದಿದ ಎಂಜಿನ್ ಅದು. ಬೆಲ್ ಹೌಸಿಂಗ್, ಕ್ಲಚ್, ಮೌಂಟಿಂಗ್ ಎಲ್ಲವೂ ಸಿದ್ಧ ರೂಪದಲ್ಲಿ ಇರುವಾಗ ಲೇತಿನಲ್ಲಿ ಹೊಸದಾಗಿ ಕಡೆಸಬೇಕಿಲ್ಲ. ಅಡಾಪ್ಟರ್ ಪ್ಲೇಟು ಕೂದಲೆಳೆಯಷ್ಟು ಓರೆಯಾದರೂ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಬೇಗ ಸವೆಯುತ್ತದೆ, ಮತ್ತೆ ಮತ್ತೆ ಕ್ಲಚ್ ಪ್ಲೇಟ್ ಹೋಗುವುದಕ್ಕೆ ಕಾರಣವೇ ತಿಳಿಯದೆ ಜನ ಒದ್ದಾಡುತ್ತಾರೆ.

ಇದ್ದ ಎಂಜಿನ್ನನ್ನೇ ಉಳಿಸಬೇಕೆಂಬ ವಾದಕ್ಕೆ ಬರುವ ಮೊದಲ ಆಕ್ಷೇಪ ಎಣ್ಣೆ ಖರ್ಚಿನದು. ಪೆಟ್ರೋಲ್ ಜೀಪು ಕುಡಿಯುತ್ತದೆ, ಡೀಸೆಲ್ ಉಳಿಸುತ್ತದೆ ಎಂಬ ಮಾತು ಸುಳ್ಳಲ್ಲ. ಆದರೆ ಆ ಮಾತು ಹುಟ್ಟಿದ ಕಾಲದಲ್ಲಿ ಸರ್ಕಾರ ಡೀಸೆಲ್ ದರವನ್ನು ಕೆಳಗೆ ಹಿಡಿದಿಟ್ಟಿತ್ತು. 2014ರ ಅಕ್ಟೋಬರಿನಲ್ಲಿ ಆ ಹಿಡಿತ ಬಿಟ್ಟಿತು, ಅಂತರ ಕಿರಿದಾಯಿತು. ಈಗ ಉಳಿಯುವುದು ಹೆಚ್ಚಾಗಿ ಮೈಲೇಜಿನ ವ್ಯತ್ಯಾಸ. ಪೆಟ್ರೋಲ್ ಜೀಪು ಲೀಟರಿಗೆ 7, ಡೀಸೆಲ್ 11 ಕಿಲೋಮೀಟರ್ ಕೊಡುತ್ತದೆಂದು ಲೆಕ್ಕಕ್ಕೆ ಇಟ್ಟುಕೊಂಡರೆ, ವರ್ಷಕ್ಕೆ 1000 ಕಿಲೋಮೀಟರ್ ಓಡುವ ಜೀಪಿನಲ್ಲಿ ಉಳಿತಾಯ 50 ಲೀಟರ್ ಆಸುಪಾಸು. ಅದಕ್ಕಾಗಿ ಎಂಜಿನ್ ಬದಲಿಸುವ ದೊಡ್ಡ ಖರ್ಚು ಮಾಡುವುದು ಲೆಕ್ಕಕ್ಕೆ ಕೂರುವುದಿಲ್ಲ. ವರ್ಷಕ್ಕೆ 10,000 ಕಿಲೋಮೀಟರ್ ದುಡಿಯುವ ಜೀಪಿನಲ್ಲಿ ಅದು 500 ಲೀಟರ್ ದಾಟುತ್ತದೆ, ಅಲ್ಲಿ ಡೀಸೆಲ್ ಪರವಾದ ವಾದಕ್ಕೆ ತೂಕವಿದೆ. ಅಷ್ಟು ದುಡಿಸುವವರು ಮೊದಲೇ ಡೀಸೆಲ್ ಆಗಿ ಕಾರ್ಖಾನೆಯಿಂದ ಬಂದ ಜೀಪನ್ನು ಕೊಳ್ಳುವುದು ಇನ್ನೂ ಅಗ್ಗ, ಕಾಗದಪತ್ರದ ತಲೆನೋವೂ ಇಲ್ಲ. ಪೆಟ್ರೋಲ್ ಇಟ್ಟುಕೊಳ್ಳುವವರು ಒಂದು ವಿಷಯ ಗಮನಿಸಲೇಬೇಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇದೆ. ಹಳೇ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಾಂ, ಕಾರ್ಬುರೇಟರ್ ಗ್ಯಾಸ್ಕೆಟ್ಟುಗಳನ್ನು ಅದು ತಿನ್ನುತ್ತದೆ. ತಿಂಗಳುಗಟ್ಟಲೆ ನಿಂತ ಜೀಪಿನ ಟ್ಯಾಂಕಿನಲ್ಲಿ ನೀರಿನ ಪಸೆ ಎಳೆದುಕೊಂಡು ತುಕ್ಕು ಹಿಡಿಸುತ್ತದೆ. ಎಥೆನಾಲಿಗೆ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಶಕ್ತಿ ಕಡಿಮೆ ಇರುವುದರಿಂದ ಮೈಲೇಜೂ ಸ್ವಲ್ಪ ಇಳಿಯುತ್ತದೆ. ಇದು ನನ್ನ ವಾದಕ್ಕೆ ಎದುರಾದ ಸಂಗತಿಯೇ. ಆದರೆ ಎಥೆನಾಲ್ ತಾಳುವ ಪೈಪು, ಡಯಾಫ್ರಾಂ ಹಾಕಿಸಿ, ಕಾರ್ಬುರೇಟರ್ ಜೆಟ್ ಹೊಂದಿಸುವ ಖರ್ಚು ಎಂಜಿನ್ ಬದಲಿಸುವ ಖರ್ಚಿನ ಹತ್ತಿರಕ್ಕೂ ಬರುವುದಿಲ್ಲ.

ಎರಡನೆಯ ಆಕ್ಷೇಪ, ಹಳೇ ಎಂಜಿನ್ನಿಗೆ ಸಾಮಾನು ಎಲ್ಲಿ ಸಿಗುತ್ತದೆ ಎಂಬುದು. ಮೈಸೂರು ಜಿಲ್ಲೆಯವರು ಈ ಪ್ರಶ್ನೆ ಕೇಳಿದರೆ ಯಾದವಗಿರಿಯ ಕಡೆ ಕೈ ತೋರಿಸಬೇಕಾಗುತ್ತದೆ. ಅಲ್ಲಿ 1961ರಲ್ಲಿ ಶುರುವಾದ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಇಂದಿಗೂ ಓಡುತ್ತಿವೆ, ಅವೇ 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್ನುಗಳಿಂದ. ಯಾರೂ ಅವಕ್ಕೆ ಬೇರೆ ಬೈಕಿನ ಎಂಜಿನ್ ಕಟ್ಟಬೇಕೆಂದು ಹೊರಡುವುದಿಲ್ಲ. ಕ್ರ್ಯಾಂಕ್ ಬಿಚ್ಚಿ ಕನೆಕ್ಟಿಂಗ್ ರಾಡ್ ಬದಲಿಸುತ್ತಾರೆ, ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸುತ್ತಾರೆ. ಬೇಡಿಕೆ ಇದ್ದದ್ದರಿಂದ ಸಾಮಾನು ತಯಾರಿಸುವವರು ಹುಟ್ಟಿಕೊಂಡರು. ಕಾರ್ಖಾನೆ ಮುಚ್ಚಿದ ಮೇಲೂ ಕೌಶಲ ಊರಿನಲ್ಲೇ ಉಳಿಯಿತು. ಜೀಪಿನ ಸ್ಥಿತಿ ಇದಕ್ಕಿಂತ ಎಷ್ಟೋ ವಾಸಿ. ವಿಲ್ಲಿಸ್ ಕುಟುಂಬದ ಎಂಜಿನ್ನುಗಳು ಜಗತ್ತಿನ ಹಲವು ದೇಶಗಳಲ್ಲಿ ಲಕ್ಷಗಟ್ಟಲೆ ತಯಾರಾದವು, ಪಿಸ್ಟನ್, ರಿಂಗು, ಬೇರಿಂಗು, ಗ್ಯಾಸ್ಕೆಟ್ ಸೆಟ್ಟುಗಳು ಇಂದಿಗೂ ಹೊಸದಾಗಿ ತಯಾರಾಗುತ್ತವೆ. ‘ಎಂಜಿನ್ ಹೋಯಿತು’ ಎಂದಾಗ ನಿಜಕ್ಕೂ ಏನು ಹೋಗಿದೆ ಎಂದು ಬಿಚ್ಚಿ ನೋಡಿದವರು ಕಡಿಮೆ. ಹೊಗೆ ಬರುತ್ತಿದ್ದರೆ ರಿಂಗು, ಬೋರ್ ಸವೆದಿರಬಹುದು. ಸ್ಲೀವ್ ಹಾಕಿಸಿದರೆ ಮೊದಲ ಅಳತೆಗೇ ಮರಳುತ್ತದೆ. ಆಯಿಲ್ ಒತ್ತಡ ಬೀಳುತ್ತಿದ್ದರೆ ಕ್ರ್ಯಾಂಕ್ ಗ್ರೈಂಡ್ ಮಾಡಿಸಿ ಬೇರಿಂಗ್ ಬದಲಿಸಬೇಕು. ಬ್ಲಾಕೇ ಸೀಳಿದ್ದರೆ, ಕ್ರ್ಯಾಂಕೇ ತುಂಡಾಗಿದ್ದರೆ ಮಾತ್ರ ಇನ್ನೊಂದು ಎಂಜಿನ್ ಹುಡುಕುವ ಪ್ರಶ್ನೆ. ಆಗಲೂ ಗುಜರಿಯಲ್ಲಿ ಅದೇ ಜಾತಿಯ ಬ್ಲಾಕ್ ಸಿಕ್ಕರೆ ಕೆಲಸ ಸಲೀಸು. ಬೋರಿಂಗ್, ಗ್ರೈಂಡಿಂಗ್ ಮಾಡುವ ವರ್ಕ್‌ಶಾಪುಗಳು ಮೈಸೂರಿನಲ್ಲಿವೆ. ಹುಣಸೂರಿನಿಂದ ಅದು ಒಂದು ಗಂಟೆಯ ದಾರಿ.

ಹೊಸ ಎಂಜಿನ್ ಎಲ್ಲ ರೀತಿಯಲ್ಲೂ ಮೇಲಲ್ಲವೇ, ಹಳೇದಕ್ಕೆ ಅಂಟಿಕೊಳ್ಳುವುದು ಬರೀ ಭಾವುಕತೆಯಲ್ಲವೇ ಎನ್ನುವವರೂ ಇದ್ದಾರೆ. ಹೊಸ ಎಂಜಿನ್ ಸ್ವಚ್ಛವಾಗಿ ಉರಿಯುತ್ತದೆ, ಮಿತವಾಗಿ ಕುಡಿಯುತ್ತದೆ, ಒಪ್ಪಿಕೊಳ್ಳಲೇಬೇಕು. ಆದರೆ ಅದು ಒಂಟಿಯಾಗಿ ಬರುವುದಿಲ್ಲ. ಕಾಮನ್ ರೈಲ್ ಎಂಜಿನ್ ಅಂದರೆ ಅದರ ಜೊತೆ ಕಂಪ್ಯೂಟರು, ವೈರಿಂಗ್, ಸೆನ್ಸರುಗಳು, ಸಾವಿರ ಬಾರ್‌ಗೂ ಮೀರಿದ ಒತ್ತಡದ ಡೀಸೆಲ್ ಪಂಪು ಎಲ್ಲವೂ ಬರಬೇಕು. ಒಂದು ಸೆನ್ಸರಿಗೆ ನೀರು ತಗುಲಿದರೂ ಗಾಡಿ ನಿಲ್ಲಬಹುದು. ಸರಗೂರಿನಾಚೆಯ ಕಾಡಂಚಿನ ದಾರಿಯಲ್ಲಿ, ಸಂಜೆಯ ಹೊತ್ತಿನಲ್ಲಿ, ಆನೆ ಓಡಾಡುವ ಜಾಗದಲ್ಲಿ ನಿಂತ ಗಾಡಿಗೆ ಸ್ಕ್ಯಾನರ್ ತರುವವರು ಯಾರು? ಕಾರ್ಬುರೇಟರ್ ಆದರೆ ಪ್ಲಗ್ ಬಿಚ್ಚಿ ಒರೆಸಿ, ಪಾಯಿಂಟ್ ತಿಕ್ಕಿ ಮನೆ ಸೇರಬಹುದು. ಹಳೇ ಡೀಸೆಲ್ ಆದರೆ ಗಾಳಿ ತೆಗೆದು ಹೊರಡಿಸಬಹುದು. ಆ ಊರಲ್ಲಿ, ಆ ಕೆಲಸಕ್ಕೆ ಯಾವ ಎಂಜಿನ್ ಮೇಲು ಎಂಬುದು ಭಾವುಕತೆಯ ಮಾತಲ್ಲ, ರಿಪೇರಿಯ ಮಾತು.

ಕಾನೂನಿನ ವಿಷಯವನ್ನು ಕೊನೆಗೆ ಇಟ್ಟದ್ದು ಅದು ಚಿಕ್ಕದೆಂದಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಇಂಥ ಅಕ್ರಮ ಮಾರ್ಪಾಡಿಗೆ, ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೆ ಎರಡನ್ನೂ ವಿಧಿಸಬಹುದೆಂದು ಹೇಳಿತು. ಅನುಮೋದಿತ ಕಿಟ್ ಬಳಸಿ ಬ್ಯಾಟರಿಗೋ ಗ್ಯಾಸಿಗೋ ಬದಲಿಸಲು ಕಾಯ್ದೆಯಲ್ಲೇ ಅವಕಾಶವಿದೆ. ಗುಜರಿಯಿಂದ ತಂದ ಬೇರೆ ಜಾತಿಯ ಡೀಸೆಲ್ ಎಂಜಿನ್ ಆ ಅವಕಾಶದೊಳಗೆ ಬರುತ್ತದೆಂದು ನಂಬಿ ಕೂರಬಾರದು. ಅಪಘಾತವಾದ ದಿನ ವಿಮಾ ಕಂಪನಿಯ ಸರ್ವೇಯರ್ ಮೊದಲು ನೋಡುವುದು ಎಂಜಿನ್ ನಂಬರನ್ನೇ. 50 ವರ್ಷ ದಾಟಿದ ಜೀಪುಗಳಿಗೆ 2021ರ ನಿಯಮದಡಿ ವಿಂಟೇಜ್ ನೋಂದಣಿ ಸಿಗುತ್ತದೆ, ಆದರೆ ಎಂಜಿನ್ ಮಾರ್ಪಡಿಸಿದ ವಾಹನ ಅದಕ್ಕೆ ಅರ್ಹವಲ್ಲ. ಆ ನೋಂದಣಿ ಪಡೆದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲವಾದ್ದರಿಂದ ದುಡಿಯುವ ಜೀಪಿಗೆ ಅದು ಉಪಯೋಗವಿಲ್ಲ. ಸಂಗ್ರಹಕ್ಕೆಂದು ಇಟ್ಟುಕೊಳ್ಳುವವರಿಗೆ ಮಾತ್ರ ಮೂಲ ಎಂಜಿನ್ ಉಳಿಸಲು ಇದು ಇನ್ನೊಂದು ಕಾರಣ.

ಬ್ಲಾಕೇ ಹೋಗಿ ಇನ್ನೊಂದು ಎಂಜಿನ್ ತರಲೇಬೇಕಾದವರು, ಕೆಎ-45 ನಂಬರಿನವರಾದರೆ ಹುಣಸೂರಿನ ಸಾರಿಗೆ ಕಚೇರಿಗೆ, ಎಂಜಿನ್ ಕೊಳ್ಳುವ ಮೊದಲೇ ಹೋಗಿ ಲಿಖಿತ ಅರ್ಜಿ ಕೊಡುವುದು ಒಳ್ಳೆಯದು. ಕೂರಿಸಿದ ಮೇಲೆ ಹೋದರೆ ಮಾತು ಕಷ್ಟವಾಗುತ್ತದೆ. ಮಾರುವವರಿಂದ ಬಿಲ್, ಆ ಎಂಜಿನ್ ಇದ್ದ ಗಾಡಿಯ ಆರ್‌ಸಿ ಅಥವಾ ಗುಜರಿಗೆ ಹಾಕಿದ ಪ್ರಮಾಣಪತ್ರದ ಪ್ರತಿ ಪಡೆಯಬೇಕು. ಬ್ಲಾಕಿನ ಮೇಲಿನ ನಂಬರನ್ನು ಉಜ್ಜಿದ ಗುರುತಿದ್ದರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಅಲ್ಲಿಂದ ಎದ್ದು ಬರಬೇಕು. ನಂಬರ್ ಸರಿಯಿದ್ದರೆ ತಲೆ ಬಿಚ್ಚಿಸಿ ಬೋರನ್ನು ಅಳೆಸಬೇಕು. ಎಷ್ಟನೇ ಓವರ್‌ಸೈಜ್ ಆಗಿದೆ, ಇನ್ನೊಂದು ಸಲ ಬೋರ್ ಮಾಡಿಸಲು ಗೋಡೆಯಲ್ಲಿ ದಪ್ಪ ಉಳಿದಿದೆಯೇ ಎಂಬುದನ್ನು ಬೋರಿಂಗ್ ಮಾಡುವವರಿಂದಲೇ ತಿಳಿದುಕೊಂಡು ಆಮೇಲೆ ಮುಂಗಡ ಕೊಡಬೇಕು.